ಆಸ್ಯಮ್ಮನ ಮೂರು ಉಸಿರು

ಏಳು ಕಡಲಿನ ಆಚೆಗಲ್ಲ, ಒಂದೇ ಕಡಲಿನ ಈಚೆಗೆ, ಕಾಪು ಎಂಬ ಊರೊಂದಿತ್ತು. ಅದರ ಸುತ್ತಿನ ನೂರೈವತ್ತು ಹೆಂಗಸರಿಂದ ತಲಾ ಮೂರು ಉಸಿರು ತಂದುಕೊಡಬೇಕೆಂದು ಮಣಿಪಾಲದ ಗುಡ್ಡದ ಮೇಲಿನ ಡಾಕ್ಟರರೊಬ್ಬರು ಒಬ್ಬಳು ಹುಡುಗಿಯನ್ನು ಕಳಿಸಿದ್ದರು. ಅಜ್ಜಿಯ ಕತೆಗಳಲ್ಲಿ ಹೀಗೆ ಹೊರಟವರಿಗೆ ಮಾತಾಡುವ ಗಿಳಿಯೋ ದಾರಿ ಹೇಳುವ ಮುದುಕಿಯೋ ಸಿಗುವುದುಂಟು. ಈ ಹುಡುಗಿ ರತ್ನಾವತಿಗೆ ಸಿಕ್ಕಿದ್ದು ಕಾರ್ಕಳದಿಂದ ಬೆಳಿಗ್ಗೆ ಆರೂವರೆಗೆ ಹೊರಡುವ ಬಸ್ಸು, ಒಂದು ರಿಜಿಸ್ಟರು, ಒಂದು ಕೊಡೆ ಮತ್ತು ಗೇಣುದ್ದದ ಪ್ಲಾಸ್ಟಿಕ್ ಕೊಳವೆ. ಅದು ಸಾವಿರದ ಒಂಬೈನೂರ ಎಂಬತ್ತೆರಡನೆಯ ಇಸವಿ.

ಕೊಳವೆಯ ಬೆನ್ನಿನ ಮೇಲೆ ಒಂದು ಸೀಳು, ಸೀಳಿನ ಪಕ್ಕ ಅಂಕೆಗಳು, ಸೀಳಿನೊಳಗೆ ಸಣ್ಣದೊಂದು ಕೆಂಪು ಮುಳ್ಳು. ಬಾಯಿಯಿಟ್ಟು ಊದಿದರೆ ಮುಳ್ಳು ಓಡಿ ಎಲ್ಲಿಯೋ ಒಂದು ಕಡೆ ನಿಲ್ಲುತ್ತದೆ. ಗಟ್ಟಿ ಎದೆಯ ಹೆಂಗಸಾದರೆ ಮುನ್ನೂರು ದಾಟಬೇಕು.

ಕಾಪುವಿನ ಮನೆಯೊಂದರ ಜಗಲಿಯಲ್ಲಿ ಆಸ್ಯಾ ಊದಿದಳು. ಮುಳ್ಳು ನೂರನ್ನೂ ಮುಟ್ಟಲಿಲ್ಲ.

"ಇನ್ನೂ ಜೋರು, ಆಸ್ಯಮ್ಮ. ಒಂದೇ ಏಟಿಗೆ."

"ಜೋರು ಊದಿದರೆ ಬೂದಿ ಹಾರುವುದಿಲ್ಲವಾ ಟೀಚರೇ?" ಎಂದಳು ಆಸ್ಯಾ. ತಾನು ಟೀಚರಲ್ಲ ಎಂದು ರತ್ನಾವತಿ ಎರಡು ಸಲ ಹೇಳಿ ಬಿಟ್ಟುಬಿಟ್ಟಿದ್ದಳು. ಕೊಡೆಯೂ ರಿಜಿಸ್ಟರೂ ಇದ್ದವರು ಟೀಚರಲ್ಲದೆ ಇನ್ನೇನು.

ಆಸ್ಯಾಳಿಗೆ ನಲವತ್ತಾರು ವರ್ಷ. ಅದರಲ್ಲಿ ಮೂವತ್ತು ವರ್ಷ ಅವಳು ಒಲೆಯ ಮುಂದೆ ಕೂತು ತನ್ನ ಮನೆಗೂ ಸುತ್ತಿನ ನಾಲ್ಕಾರು ಮನೆಗಳಿಗೂ ಕುಚ್ಚಲಕ್ಕಿಯ ಭತ್ತ ಬೇಯಿಸಿದ್ದಳು. ತೆಂಗಿನ ಸಿಪ್ಪೆ, ಮಡಲು, ಉಮಿ, ಕೈಗೆ ಸಿಕ್ಕಿದ್ದೆಲ್ಲ ಆ ಒಲೆಗೆ. ಬೆಂಕಿಗೆ ಊದುವುದು ಮೆಲ್ಲಗೆ, ಉದ್ದಕ್ಕೆ, ಕೆನ್ನೆ ಉಬ್ಬಿಸದೆ. ಸುತ್ತಿನ ಹೆಂಗಸರೆಲ್ಲ ಹಾಗೆಯೇ ಊದುತ್ತಿದ್ದರು. ಎಷ್ಟು ಹೇಳಿದರೂ ಆ ಕೊಳವೆ ಅವರ ಬಾಯಿಗೆ ಒಲೆಯ ಊದುಕೊಳವೆಯೇ ಆಗಿಬಿಡುತ್ತಿತ್ತು.

ಆಸ್ಯಾ ಪಕ್ಕಕ್ಕೆ ತಿರುಗಿ, ತುಟಿಗೆ ಎರಡು ಬೆರಳು ಒತ್ತಿ, ಎಲೆಯಡಿಕೆಯ ರಸವನ್ನು ಅಂಗಳದಾಚೆ ಬಾಳೆಯ ಬುಡಕ್ಕೆ ಪಿಚಕ್ಕನೆ ಹಾರಿಸಿದಳು. ಅದನ್ನು ನೋಡಿ ರತ್ನಾವತಿಗೆ ಉಪಾಯ ಹೊಳೆಯಿತು.

"ಹಾಗೆಯೇ. ಈಗ ಉಗುಳಿದಿರಲ್ಲ, ಹಾಗೆಯೇ ಊದಿ."

ಮುಳ್ಳು ಚಂಗನೆ ಹಾರಿ ಮುನ್ನೂರ ಎಂಬತ್ತರಲ್ಲಿ ನಿಂತಿತು.

"ಮುನ್ನೂರ ಎಂಬತ್ತು," ಎಂದು ರತ್ನಾವತಿ ಗಟ್ಟಿಯಾಗಿ ಹೇಳಿದಳು. ಹಾಗೆ ಹೇಳಬೇಕಾಗಿರಲಿಲ್ಲ. ಜಗಲಿಯಲ್ಲಿ ಕೂತಿದ್ದ ಗಂಡ ಹಾಜಬ್ಬ, ಬಾಗಿಲಲ್ಲಿ ನಿಂತಿದ್ದ ಮಗಳು ಮೆಹರುನ್ನಿಸಾ, ಬೇಲಿಯಾಚೆಯ ಕುಶಲಾ, ಮೂವರೂ ಕೇಳಿಸಿಕೊಂಡರು.

ಆ ಉಪಾಯವನ್ನು ಅವಳು ಎಲೆ ತಿನ್ನುವ ಇನ್ನೂ ಹದಿನೆಂಟು ಹೆಂಗಸರಿಗೆ ಹೇಳಿಕೊಟ್ಟಳು. ಹದಿನೆಂಟು ಮನೆಯಲ್ಲೂ ಮುಳ್ಳು ಹಾರಿತು.

*

ಮಣಿಪಾಲದ ಆ ಡಾಕ್ಟರ್ ಹೆರಾಲ್ಡ್ ಅವರದ್ದು ಒಂದೇ ಪ್ರಶ್ನೆ. ಬೀಡಿ ಮುಟ್ಟದ ಹೆಂಗಸರಿಗೆ ಬೀಡಿ ಸೇದುವ ಗಂಡಸರ ಕೆಮ್ಮು, ಕಫ, ಏದುಸಿರು ಎಲ್ಲಿಂದ ಬರುತ್ತದೆ? ಅಡುಗೆಮನೆಯ ಹೊಗೆ ಉಸಿರಿನ ದಾರಿಯ ಒಳಗೋಡೆಯನ್ನು ವರ್ಷಗಟ್ಟಲೆ ಕೆರಳಿಸಿ, ಬಾವು ಬರಿಸಿ, ಕೊನೆಗೆ ದಾರಿಯನ್ನೇ ಕಿರಿದು ಮಾಡುತ್ತದೆ ಎಂದು ಅವರ ಲೆಕ್ಕಾಚಾರ. ಫೆಬ್ರವರಿಯಲ್ಲಿ ಅದನ್ನು ಹೊರಗಿನ ಡಾಕ್ಟರರ ಮುಂದೆ ಓದಬೇಕಿತ್ತು.

ನವೆಂಬರಿನ ಒಂದು ಶನಿವಾರ ಅವರು ಗ್ರಾಫ್ ಕಾಗದವನ್ನು ಮೇಜಿನ ಮೇಲೆ ಹರಡಿ ರತ್ನಾವತಿಯನ್ನು ಕರೆದರು. ಕಾಗದದ ತುಂಬ ಹೆಂಗಸಿಗೊಂದರಂತೆ ಚುಕ್ಕೆಗಳು, ಒಲೆಯ ಮುಂದೆ ಕಳೆದ ವರ್ಷ ಹೆಚ್ಚಿದಂತೆ ಇಳಿಜಾರಿನಲ್ಲಿ ಇಳಿದುಬಂದಿದ್ದವು. ಹತ್ತೊಂಬತ್ತು ಮಾತ್ರ ಮೇಲೆ, ಬೇರೆಯೇ ಗುಂಪಾಗಿ ಕೂತಿದ್ದವು.

"ಇವರೆಲ್ಲ ಯಾರು?"

"ಎಲೆ ತಿನ್ನುವವರು, ಸರ್."

"ಹತ್ತು ಹೆಜ್ಜೆ ನಡೆದರೆ ಕೂತುಕೊಳ್ಳುತ್ತಾರೆ ಎಂದು ನೀವೇ ಬರೆದಿದ್ದೀರಿ. ಎದೆ ನೋಡಿದರೆ ದೋಣಿ ಎಳೆಯುವವರದ್ದಕ್ಕಿಂತ ಗಟ್ಟಿ. ಹಾಗಾದರೆ ಆಸ್ಪತ್ರೆಗೆ ಬೀಗ ಹಾಕಿ ಎಲೆ ತೋಟ ಮಾಡುವುದಾ?"

ರತ್ನಾವತಿ ಉಪಾಯವನ್ನು ಹೇಳಿದಳು. ಡಾಕ್ಟರರು ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. ಕೊಳವೆ ತೆಗೆದುಕೊಂಡು ನಾಲಿಗೆಯನ್ನು ಹಲ್ಲಿಗೊತ್ತಿ ಉಗುಳಿದ ಹಾಗೆ ಊದಿದರು. ಮುಳ್ಳು ಎಂಟುನೂರರ ಕೊನೆಗೆ ಹೋಗಿ ಬಡಿಯಿತು.

"ಇದು ಬಾಯಿಯ ಗಾಳಿ. ಕೆನ್ನೆಯದ್ದು, ನಾಲಿಗೆಯದ್ದು. ಎದೆಗೆ ಇದರ ಸುದ್ದಿಯೇ ಗೊತ್ತಿಲ್ಲ."

"ಪುನಃ ಹೋಗಿ ತರುತ್ತೇನೆ ಸರ್. ಹತ್ತೊಂಬತ್ತನ್ನೂ."

ಹದಿನೆಂಟು ಮನೆಗಳು ಮೂರು ವಾರದಲ್ಲಿ ಮುಗಿದವು. ಎಲ್ಲೂರಿನ ಮುದುಕಿಯೊಬ್ಬಳು, "ಹೋದ ಸಲ ಕೊಟ್ಟ ಉಸಿರು ಎಂತ, ಬಸ್ಸಲ್ಲಿ ಬಿದ್ದುಹೋಯಿತಾ?" ಎಂದು ಕೇಳಿದಳು. ಉಳಿದದ್ದು ಆಸ್ಯಾ ಒಬ್ಬಳೇ.

*

ಆಸ್ಯಾ ಹಿತ್ತಿಲಲ್ಲಿ ಭತ್ತದ ಹಂಡೆಯ ಮುಂದೆ ಕೂತಿದ್ದಳು. ಕಣ್ಣುಗಳು ಕೆಂಪಾಗಿದ್ದವು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಎದೆಯೊಳಗೆ ಬೆಕ್ಕಿನ ಮರಿ ಅತ್ತ ಹಾಗೆ ಸದ್ದು. ರತ್ನಾವತಿ ನಡೆದದ್ದನ್ನು ಹೇಳಿ, ತಪ್ಪು ತನ್ನದೇ ಎಂದಳು.

ಆಸ್ಯಾ ಒಲೆಗೆ ಇನ್ನೊಂದು ಸಿಪ್ಪೆ ಒತ್ತಿದಳು. "ಆ ಮುನ್ನೂರ ಎಂಬತ್ತು ಈಗ ಎಲ್ಲಿ ಉಂಟು ಗೊತ್ತಾ ಟೀಚರೇ? ಪಡುಬಿದ್ರಿಯಲ್ಲಿ."

ಸಂಗತಿ ಹೀಗಿತ್ತು. ಪಡುಬಿದ್ರಿಯಿಂದ ಮೆಹರುನ್ನಿಸಾಳನ್ನು ನೋಡಿಹೋದವರು ತಿಂಗಳಾದರೂ ಉತ್ತರ ಕೊಟ್ಟಿರಲಿಲ್ಲ. ಹುಡುಗಿಯ ತಾಯಿಗೆ ದಮ್ಮು ಇದೆಯಂತೆ, ತಾಯಿಗಿದ್ದದ್ದು ಮಗಳಿಗೆ ಬಾರದೆ ಹೋದೀತೇ ಎಂದು ಹುಡುಗನ ತಾಯಿ ರಾಬಿಯಾ ತಡೆದಿದ್ದಳು. ಇದಕ್ಕೆ ಮೊದಲು ಎರಡು ಸಂಬಂಧ ಅದೇ ಮಾತಿಗೆ ತಪ್ಪಿಹೋಗಿದ್ದವು. ಈ ಸಲ ಹಾಜಬ್ಬ ತಾನೇ ಬಸ್ಸು ಹತ್ತಿ ಹೋಗಿ, ಮಣಿಪಾಲದ ಮಿಷನ್ನಿನಲ್ಲಿ ಊದಿಸಿ ನೋಡಿದ್ದಾರೆ, ಇಡೀ ಕಾಪುವಿಗೇ ಗಟ್ಟಿ ಎದೆ ಎಂದು ಹೇಳಿ ಬಂದಿದ್ದ. ನಿಕಾಹಿಗೆ ದಿನ ಗೊತ್ತಾಗಿತ್ತು. ಇನ್ನು ಹದಿನೇಳು ದಿನ.

"ಈಗ ನೀವು ಬಂದು ಪುನಃ ಊದಿಸಿದರೆ ಕುಶಲಾ ಬೇಲಿಯಿಂದ ನೋಡುತ್ತಾಳೆ. ಕುಶಲಾ ನೋಡಿದರೆ ಕಟಪಾಡಿಯವರೆಗೆ ರೇಡಿಯೋ ಬೇಡ."

"ರಿಜಿಸ್ಟರಿನಲ್ಲಿ ಹೆಸರಿಲ್ಲ ಆಸ್ಯಮ್ಮ. ನಂಬರು ಮಾತ್ರ. ನಿಮ್ಮದು ಅರವತ್ತೇಳು."

"ಅರವತ್ತೇಳಕ್ಕೆ ಮದುವೆಯ ಮಗಳಿಲ್ಲ. ನನಗೆ ಉಂಟು." ಕೆಮ್ಮು ಬಂತು, ಅದು ಮುಗಿಯುವವರೆಗೆ ಇಬ್ಬರೂ ಕಾದರು. "ನಿಕಾಹ್ ಆಗಲಿ. ಆಮೇಲೆ ಬನ್ನಿ, ಊದುತ್ತೇನೆ. ಇದು ಮಾತು."

"ನಾನೂ ಬರುತ್ತೇನೆ, ಮಾತು. ಆದರೆ ಅಲ್ಲಿಯವರೆಗೆ ಈ ಹೊಗೆಯಿಂದ ದೂರ ಕೂರಿ. ಭತ್ತ ಬೇರೆಯವರು ಬೇಯಿಸಲಿ."

ಆಸ್ಯಾ ನಕ್ಕಳು. "ಮುನ್ನೂರ ಎಂಬತ್ತರ ಹೆಂಗಸು ಹೊಗೆಗೆ ಹೆದರಿ ಕೂತರೆ ಜನ ಎಂತ ಹೇಳಿಯಾರು ಮಾರಾಯ್ತಿ?"

ರತ್ನಾವತಿ ರಿಜಿಸ್ಟರನ್ನು ಚೀಲಕ್ಕೆ ಹಾಕಿ ಎದ್ದಳು. ಹಾಜಬ್ಬನಿಗೆ ನಿಜ ಹೇಳಿದರೆ ಅವನು ಹೆಂಡತಿಯನ್ನು ಒಲೆಯಿಂದ ಎಬ್ಬಿಸಿಯಾನು. ಆದರೆ ಅವನ ಬಾಯಿಯಲ್ಲಿ ಯಾವ ಮಾತೂ ಬಸ್‌ಸ್ಟ್ಯಾಂಡು ದಾಟದೆ ನಿಂತದ್ದಿಲ್ಲ. ಅವಳು ಹೇಳಲಿಲ್ಲ. ಅಂಗಳ ದಾಟುವಾಗ ಜಗಲಿಯಿಂದ ಹಾಜಬ್ಬ, "ಹೇಗೆ ಉಂಟು ಟೀಚರೇ, ನಮ್ಮ ಕುದುರೆ?" ಎಂದು ಕೇಳಿದ. "ಚೆನ್ನಾಗಿ ಉಂಟು," ಎಂದಳು.

ಮಣಿಪಾಲದಲ್ಲಿ ಡಾಕ್ಟರರು, "ಒಂದು ತಾನೇ, ಬಿಟ್ಟುಬಿಡಿ. ನೂರ ನಲವತ್ತೊಂಬತ್ತು ಸಾಕು," ಎಂದರು.

"ಬಿಡುವ ಹಾಗಿಲ್ಲ ಸರ್. ಆ ಅಂಕೆಯನ್ನು ಆ ಮನೆಯಲ್ಲಿ ಇಟ್ಟುಬಂದವಳು ನಾನು."

*

ಮದುವೆ ಆದ ಮರುವಾರ ರತ್ನಾವತಿ ಕಾಪುವಿಗೆ ಹೋದಳು. ಅದೇ ದಿನ ಹೊಸ ನೆಂಟರನ್ನು ಊಟಕ್ಕೆ ಕರೆದಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ. ಅಂಗಳದ ತುಂಬ ಚಪ್ಪಲಿಗಳು, ಒಳಗೆ ತುಪ್ಪದನ್ನದ ಘಮ. ಆಸ್ಯಾ ಜಗಲಿಯ ಮೂಲೆಯಲ್ಲಿ, ಎರಡೂ ಅಂಗೈ ಮೊಣಕಾಲಿಗೆ ಊರಿ, ಮುಂದಕ್ಕೆ ಬಾಗಿ ಕೂತಿದ್ದಳು. ಹದಿನೇಳು ದಿನದ ಅಡುಗೆ, ಭತ್ತ, ಹೊಗೆ ಅವಳ ಕುತ್ತಿಗೆಯ ನರಗಳಲ್ಲಿ ಎದ್ದು ಕಾಣುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಕಲಾಬತ್ತಿನ ಜರಿಸೀರೆಯುಟ್ಟ ದಪ್ಪನೆಯ ಹೆಂಗಸು.

"ಇವರೇನಾ ಮಿಷನ್ನಿನ ಟೀಚರು?" ಎಂದಳು ಆ ಹೆಂಗಸು. ಅವಳೇ ರಾಬಿಯಾ. "ನಮ್ಮ ಬೀಗಿತ್ತಿ ಕೂತಲ್ಲಿಂದ ಏಳುವುದಿಲ್ಲ. ಮದುವೆಯ ಸುಸ್ತು ಎನ್ನುತ್ತಾರೆ. ಎಲ್ಲಿ, ಆ ಮುನ್ನೂರ ಎಂಬತ್ತು ನಾನೂ ಒಮ್ಮೆ ನೋಡುವ. ಊದಿಸಿ."

ರತ್ನಾವತಿ ಚೀಲದಲ್ಲೇ ಕೈಯಿಟ್ಟು ನಿಂತಳು. ಇವತ್ತು ತರಲಿಲ್ಲ ಎನ್ನಬಹುದಿತ್ತು. ಅಷ್ಟರಲ್ಲಿ ಆಸ್ಯಾ ಕೈ ಚಾಚಿ ಕೊಳವೆ ತೆಗೆದುಕೊಂಡು ರಾಬಿಯಾಳ ಮುಂದೆ ಹಿಡಿದಳು.

"ಮೊದಲು ನೀವು ಊದಿ ಬೀಗಿತ್ತೀ. ನೆಂಟರಿಗೆ ಮೊದಲ ಮರ್ಯಾದೆ."

ರಾಬಿಯಾ ಗಂಟಲು ಸರಿಮಾಡಿಕೊಂಡು, ಇದ್ದ ಉಸಿರನ್ನೆಲ್ಲ ಹಾಕಿ ಊದಿದಳು. ಇನ್ನೂರ ತೊಂಬತ್ತು. ಆಮೇಲೆ ಆಸ್ಯಾ ಕೊಳವೆಯನ್ನು ತುಟಿಗಿಟ್ಟು, ರತ್ನಾವತಿಯ ಮುಖವನ್ನೇ ನೋಡುತ್ತ, ಬಾಳೆಯ ಬುಡಕ್ಕೆ ಹಾರಿಸಿದ ಹಾಗೆ ಒಮ್ಮೆ ಉಗುಳಿದಳು.

"ಎಷ್ಟು ಟೀಚರೇ?" ಎಂದಳು ರಾಬಿಯಾ.

ಮುಳ್ಳು ನಿಂತಲ್ಲಿ ಏನಿತ್ತೋ ಅದನ್ನು ರತ್ನಾವತಿ ಓದಿದಳು. "ಮುನ್ನೂರ ತೊಂಬತ್ತು."

"ಹೆಚ್ಚೇ ಆಗಿದೆಯಲ್ಲ! ಮಗಳ ಮದುವೆ ಮಾಡಿ ಇವರಿಗೆ ಪ್ರಾಯ ಬಂತು," ಎಂದು ರಾಬಿಯಾ ತೊಡೆ ತಟ್ಟಿ ನಕ್ಕಳು. ಒಳಗಿನಿಂದ ಮೆಹರುನ್ನಿಸಾ, "ಮಾಮಿ, ಊಟಕ್ಕೆ," ಎಂದು ಕರೆದಳು. ರಾಬಿಯಾ ಎದ್ದು ಹೋದಳು. ಒಳಬಾಗಿಲ ಪರದೆ ಅಲ್ಲಾಡಿ ನಿಂತಿತು.

ಎರಡನೆಯ ಸಲಕ್ಕೆಂದು ಗೆರೆ ಎಳೆದ ರಿಜಿಸ್ಟರಿನ ಹೊಸ ಪುಟದಲ್ಲಿ ಅರವತ್ತೇಳರ ಎದುರಿನ ಮೂರು ಚೌಕಗಳು ಖಾಲಿ ಇದ್ದವು. ರತ್ನಾವತಿ ಮುನ್ನೂರ ತೊಂಬತ್ತನ್ನು ಬರೆಯಲಿಲ್ಲ.

"ಈಗ," ಎಂದಳು ಆಸ್ಯಾ. "ಸರಿಯಾಗಿ ಹೇಳಿಕೊಡಿ."

"ನಾಲಿಗೆ ಕೆಳಗೆ ಇರಲಿ. ಬಾಯಿ ಅಗಲ. ಎದೆ ತುಂಬ ಎಳೆದುಕೊಳ್ಳಿ. ಇರುವಷ್ಟನ್ನು ಒಮ್ಮೆಗೇ ಬಿಡಿ."

ಆಸ್ಯಾ ಬಿಟ್ಟಳು. ನೂರ ಮೂವತ್ತು. ಈ ಸಲ ರತ್ನಾವತಿ ಅದನ್ನು ಗಟ್ಟಿಯಾಗಿ ಹೇಳದೆ ಬರೆದಳು. ಆಸ್ಯಾ ಬಹಳ ಹೊತ್ತು ಕಂಬಕ್ಕೆ ಒರಗಿದ್ದು, ಪುನಃ ಕೈ ಚಾಚಿದಳು. ನೂರ ಇಪ್ಪತ್ತು.

"ಮಣಿಪಾಲಕ್ಕೆ ಬರಬೇಕು ಆಸ್ಯಮ್ಮ. ಇದೇ ವಾರ. ಡಾಕ್ಟರರಿಗೆ ನಾನು ಹೇಳಿಟ್ಟಿದ್ದೇನೆ."

"ಬರುವ. ಮಗಳು ಒಮ್ಮೆ ಬಸುರಿಯಾಗಲಿ." ಅಷ್ಟು ಹೇಳುವುದಕ್ಕೆ ಮೂರು ಸಲ ನಿಲ್ಲಬೇಕಾಯಿತು. "ಆಮೇಲೆ ಯಾರೂ ವಾಪಸು ಕಳಿಸುವುದಿಲ್ಲ."

"ಅಷ್ಟು ದಿನ ಕಾಯುವ ಹಾಗಿಲ್ಲ."

"ಇನ್ನೊಂದು ಬಾಕಿ ಉಂಟಲ್ಲ. ಮೊದಲು ಅದನ್ನು ತೆಗೆದುಕೊಳ್ಳಿ."

ಬೇಲಿಯ ಹತ್ತಿರ ಕುಶಲಾ ಬಟ್ಟೆ ಒಣಗಿಸಲು ಬಂದಿದ್ದಳು. ಆಸ್ಯಾ ತಲೆಯ ಮೇಲಿನ ವಸ್ತ್ರದ ಅಂಚನ್ನು ಎಳೆದು ತನ್ನ ಮುಖಕ್ಕೂ ಕೊಳವೆಗೂ ಸೇರಿಸಿ ಹೊದ್ದುಕೊಂಡಳು. ಬಿಳಿಯ ಬಟ್ಟೆಯೊಳಗೆ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು, ಆಮೇಲೆ ಬಿಟ್ಟದ್ದು. ಬಟ್ಟೆ ಒಮ್ಮೆ ಉಬ್ಬಿ ಇಳಿಯಿತು. ರತ್ನಾವತಿ ಬಾಗಿ, ಆ ಬಟ್ಟೆಯ ಅಡಿಗೆ ತಲೆ ತೂರಿಸಿ, ಆಸ್ಯಾಳ ಬೆವರಿದ ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರದಿಂದ ಅಂಕೆಯನ್ನು ಓದಿಕೊಂಡಳು. ಹೊರಗೆ ಬಂದು ಮೂರನೆಯ ಚೌಕವನ್ನು ತುಂಬಿದಳು. ಶಾಯಿ ಒಣಗಲೆಂದು ಆಸ್ಯಾ ಅದರ ಮೇಲೆ ಊದಿದಳು, ಮೆಲ್ಲಗೆ, ಉದ್ದಕ್ಕೆ.