ಬೀಗರ ಗಡ್ಡ

ಯಾರನ್ನೇ ಆಗಲಿ, ಕನ್ನಡಿಯಲ್ಲಲ್ಲದೆ ನೇರವಾಗಿ ನೋಡಿ ಮಾತನಾಡದ ಸಂಕೋಚಪ್ರವೃತ್ತಿಯ ಮನುಷ್ಯ ನಮ್ಮ ಬೀದಿಯ ಕ್ಷೌರಿಕರು. ತುಸು ಬಲಕ್ಕೆ ವಾಲಿದ ನಡಿಗೆ, ಕಿವಿಯ ಹಿಂದೆ ಸಿಕ್ಕಿಸಿದ ಬಾಚಣಿಗೆ, ಮಾತಿಗೊಮ್ಮೆ "ಆಗ್ಲಿ ಬಿಡಿ". ಹೊಗಳಿದವರಿಗೂ ಅದೇ, ಬೈದವರಿಗೂ ಅದೇ. ಹೀಗಾಗಿ ಬೀದಿಗೆಲ್ಲ ಅವರು ಆಗ್ಲಿಬಿಡಿ ಅಣ್ಣ.

ಅಂಗಡಿಯೂ ಅದರ ಮೇಲಿನ ಅಂತಸ್ತುಗಳೂ ಅವರ ಬೀಗರವು, ಎಂದರೆ ಮಗಳ ಮಾವನವು. ಅಲ್ಲಿ ಬಾಡಿಗೆಗಿದ್ದ ಸಂಸಾರಗಳನ್ನು ಒಂದೊಂದಾಗಿ ಬಿಡಿಸಿ, ಬೀಗರು ಮನೆಗಳನ್ನು ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡತೊಡಗಿದರು. ಹಾಗೆ ಹೊರಬಿದ್ದವರಲ್ಲಿ ನಾನೂ ಒಬ್ಬ; ಆದರೂ ತಲೆ ಕೊಡಲು ಬಸ್ಸು ಬದಲಿಸಿ ಅಲ್ಲಿಗೇ ಹೋಗುತ್ತಿದ್ದೆ. ಎರಡು ರಾತ್ರಿ ತಂಗಿ ಹೋಗುವವರಿಗೆ ಕ್ಷೌರದ ಹಂಗೇನು? ಅವರು ಒಳಗೆ ಇಣುಕಿ, "ಬ್ಯಾಗ್ ಇಟ್ಟು ಹೋಗ್ಬಹುದಾ?" ಎನ್ನುವರು. "ಆಗ್ಲಿ ಬಿಡಿ." ಬೀದಿಯ ತಲೆಗಳು ಸಾಲುಗಟ್ಟಿ ಕಾಯುತ್ತಿದ್ದ ಬೆಂಚಿನ ಮೇಲೆ ಈಗ ಚಕ್ರದ ಪೆಟ್ಟಿಗೆಗಳು ಠೀವಿಯಿಂದ ಕೂತಿರುತ್ತಿದ್ದವು.

ಅವುಗಳ ನಡುವೆ ನಾನು ಸರದಿಗಾಗಿ ಕಾದಿದ್ದ ಒಂದು ಬೆಳಿಗ್ಗೆ ಬೀಗರು ಬಂದು ಕುರ್ಚಿಗೊರಗಿ ಕತ್ತು ನೀಡಿದರು. ಕ್ಷೌರದ ಕತ್ತಿ ಗಂಟಲಿನ ಮೇಲಿರುವಾಗಲೇ ಬಾಯಿಬಿಟ್ಟರು:

"ತಪ್ಪು ತಿಳ್ಕೋಬೇಡಿ ಬೀಗ್ರೇ. ಈ ಅಂಗಡೀನೂ ರೂಮ್ ಮಾಡೋಣ ಅಂತ. ನಿಮ್ಮ ಮಗಳೇ ಹೇಳಿದ್ದು, ಅಪ್ಪಂಗೆ ದುಡಿಮೆ ಸಾಕು ಅಂತ."

ಕೈ ನಿಂತಿತು.

"ಅವಳೇ ಹೇಳಿದ್ಳಾ?"

"ಇಲ್ಲಾಂದ್ರೆ ನಾನು ಕೇಳ್ತಿದ್ನಾ?"

ಕತ್ತಿ ಮತ್ತೆ ಚಲಿಸಿತು, ಒಂದು ಗೀರೂ ಬೀಳದಂತೆ. ಪಟಿಕ ಸವರಿ, ಕೆನ್ನೆ ಒರೆಸಿ, ಬೀಗರನ್ನು ಬಾಗಿಲವರೆಗೆ ಕಳಿಸಿಬಂದರು. ಆಮೇಲೆ ನನ್ನ ತಲೆಗೆ ನೀರು ಚಿಮುಕಿಸುತ್ತ, ಮೊದಲ ಬಾರಿಗೆ ಕನ್ನಡಿ ಬಿಟ್ಟು ನನ್ನತ್ತ ನೋಡಿದರು.

"ಅವಳು ಹಾಗೆ ಹೇಳೋಳಲ್ಲ ಸಾರ್."

"ಮತ್ತೆ ಹೋಗಿ ಕೇಳ್ಬಾರ್ದಾ?"

"ಕೇಳ್ಬಿಟ್ಟು ನಾನು ಬಂದ್ಬಿಡ್ತೀನಿ. ಅಲ್ಲಿ ಬಾಳೋಳು ಅವಳು."

ಅಂಗಡಿಯಿದ್ದಲ್ಲಿ ಈಗ ಎರಡು ಮಂಚ, ದಪ್ಪ ಪರದೆ. ಅವರು ಊರಾಚೆಯ ಸಲೂನೊಂದರಲ್ಲಿ, ಮಗನ ವಯಸ್ಸಿನ ಮಾಲೀಕನ ಕೆಳಗೆ ಸಂಬಳಕ್ಕಿದ್ದಾರೆ. ಮೊನ್ನೆ ಹೋದಾಗ ಮಗಳ ಕ್ಷೇಮ ವಿಚಾರಿಸಿದೆ.

"ಚೆನ್ನಾಗಿದ್ದಾಳಂತೆ."

ಆ 'ಅಂತೆ' ಕೇಳಿ ನಾನು ಕುರ್ಚಿಗೊರಗಿ ತಲೆ ಕೊಟ್ಟೆ.

ಇಂಥವರನ್ನು ಎಬ್ಬಿಸಲು ಕೋರ್ಟು ಬೇಕಿಲ್ಲ, ಪೊಲೀಸರು ಬೇಕಿಲ್ಲ. ಒಂದು ನೆಂಟಸ್ತಿಕೆ ಸಾಕು. ತಮ್ಮವರ ಬಾಳಿಗೆ ಬಿರುಕು ಬಿದ್ದೀತೆಂಬ ಭಯದಿಂದ ಅವರು ಸದ್ದಿಲ್ಲದೆ ಜಾಗ ತೆರವು ಮಾಡುತ್ತಾರೆ. ಲೋಕವೋ, ಅದನ್ನು ಒಪ್ಪಿಗೆಯೆಂದು ಕರೆದು ಬೀಗ ಬದಲಿಸುತ್ತದೆ.