ಎರಡು ಹೊತ್ತಿನ ನೀರು

ತಾರಸಿಯ ಮೇಲೆ, ತಟ್ಟೆಯಲ್ಲಿ ಕುಬ್ಜವಾಗಿ ಬೆಳೆಸಿದ್ದ ಬೋನ್ಸಾಯ್ ಆಲದ ಗಿಡವನ್ನು ಬುಡಸಮೇತ ಎಬ್ಬಿಸಿ, ಹೆಂಡತಿ ಅದನ್ನು ಪೇಂಟಿನ ಹಳೇ ಬಕೆಟ್ಟಿನೊಳಗೆ ಇಳಿಸುತ್ತಿದ್ದಾಗ ಗಂಡನ ಹೆಣ ಇನ್ನೂ ಕೆಳಗೆ ಹಾಲ್‌ನಲ್ಲೇ ಇತ್ತು. ಶವದ ಗಾಡಿ ಬರಲು ಒಂದು ಗಂಟೆಯಿತ್ತು. ಹತ್ತೊಂಬತ್ತು ಗಿಡಗಳಲ್ಲಿ ಇದು ಕೊನೆಯದು.

ಹಾರ ಹಿಡಿದೇ ತಾರಸಿ ಹತ್ತಿದ ಬೋನ್ಸಾಯ್ ಸಂಘದ ಅಧ್ಯಕ್ಷರು ಹೌಹಾರಿದರು.

"ಏನಮ್ಮಾ ಇದು! ಮೂವತ್ತು ವರ್ಷದ ತಪಸ್ಸು! ಮೊದಲ ಬಹುಮಾನ ಬಂದಿರೋ ಗಿಡ!"

"ಬಹುಮಾನ ಕೆಳಗೆ ಶೋಕೇಸಲ್ಲಿದೆ. ಬೇಕಾದ್ರೆ ತಗೊಂಡ್ಹೋಗಿ."

"ಇಷ್ಟು ಆಳಕ್ಕಿಟ್ರೆ ಆಕಾರ ಕೆಟ್ಟೋಗುತ್ತೆ. ಅವರ ಆತ್ಮ ಎಷ್ಟು ನೊಂದ್ಕೊಳ್ಳುತ್ತೋ!"

"ನೊಂದ್ಕೊಳ್ಳಲಿ. ಬದುಕಿದ್ದಾಗ ಅಭ್ಯಾಸ ಇರ್ಲಿಲ್ಲ, ಈಗ ಕಲೀಲಿ."

ಪಕ್ಕದಲ್ಲಿ ಮಣ್ಣು ಕಲಸುತ್ತಿದ್ದ ಮಗಳು ಇನ್ನೊಂದು ಬೊಗಸೆ ಮಣ್ಣನ್ನು ಬಕೆಟ್ಟಿಗೆ ಸುರಿದಳು.

ಸತ್ತವನು ನೋಂದಣಿ ಕಚೇರಿಯ ಗುಮಾಸ್ತನಾಗಿದ್ದ. ಅಲ್ಲಿ ಅವನನ್ನು ಯಾರೂ ಕ್ಯಾರೇ ಅಂದಿರಲಿಲ್ಲ; ಇವತ್ತು ಬಂದಿದ್ದ ಇಬ್ಬರು ಸಹೋದ್ಯೋಗಿಗಳೂ ವಾಚು ನೋಡಿಕೊಳ್ಳುತ್ತಿದ್ದರು. ದೊಡ್ಡ ಮನುಷ್ಯನಾಗಲು ಅವನಿಗೆ ಇದ್ದದ್ದು ಈ ತಾರಸಿಯೊಂದೇ. ಭಾನುವಾರ ಕತ್ತರಿ ಹಿಡಿದು ನಾಲ್ಕು ಎಲೆ ಉದುರಿಸುವುದು ಅವನ ಕಲೆ. ನೀರು ಹೊರುವುದು ಹೆಂಡತಿಯ ಪಾಲು. ತಟ್ಟೆಯಲ್ಲಿ ಇದ್ದದ್ದೇ ಎರಡು ಬೆರಳು ಮಣ್ಣು. ಬೇಸಿಗೆಯಲ್ಲಿ ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಆರಿಹೋಗುತ್ತಿತ್ತು. ಹೀಗಾಗಿ ಅವಳು ಒಂದು ರಾತ್ರಿಯೂ ಬೇರೆ ಮನೆಯಲ್ಲಿ ತಂಗಿದವಳಲ್ಲ.

*

ಹನ್ನೊಂದು ವರ್ಷದ ಹಿಂದಿನ ಬೇಸಿಗೆಯಲ್ಲಿ ಫೋನು ಬಂತು. ಅವಳ ಅಕ್ಕ ಆಸ್ಪತ್ರೆಯಲ್ಲಿದ್ದಳು. ಬಸ್ಸಿನಲ್ಲಿ ಏಳು ಗಂಟೆ ದೂರ.

"ಎರಡೇ ದಿನ ರೀ. ನೀರು ನೀವೇ ಹಾಕ್ತೀರಾ?"

"ನನ್ನ ಸೊಂಟದ ಕಥೆ ಗೊತ್ತಲ್ಲ. ಪ್ರದರ್ಶನಕ್ಕೆ ಇನ್ನೊಂದೇ ವಾರ ಇರೋದು. ನಿಮ್ಮಕ್ಕ ಏನು ಇವತ್ತೇ ಸಾಯ್ತಾಳಾ?"

ಅಕ್ಕ ಅವತ್ತೇ ಸಾಯಲಿಲ್ಲ. ನಾಲ್ಕನೇ ದಿನ ಸತ್ತಳು. ತಂಗಿ ಮೆಟ್ಟಿಲ ಮೇಲೆ ಕೊಡ ಇಳಿಸಿ, ಅಲ್ಲೇ ಕುಳಿತು ಅತ್ತು, ಮತ್ತೆ ಕೊಡ ಎತ್ತಿಕೊಂಡು ತಾರಸಿ ಹತ್ತಿದಳು. ಆ ವರ್ಷ ಆಲಕ್ಕೆ ಮೊದಲ ಬಹುಮಾನ. ವೇದಿಕೆಯಲ್ಲಿ ಗಂಡ ತನ್ನ ತಾಳ್ಮೆಯ ಬಗ್ಗೆ ಹದಿನೈದು ನಿಮಿಷ ಕೊರೆದ.

*

ಸ್ಮಶಾನದಲ್ಲಿ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಗಿಡಗಳನ್ನ ಹೆತ್ತ ಮಕ್ಕಳ ಹಾಗೆ ಸಾಕಿದ ಜೀವ ಇದು..."

"ಮಕ್ಕಳ ಹಾಗೇ, ನಿಜ," ಎಂದಳು ಮಗಳು. "ಎರಡನ್ನೂ ಸಾಕಿದ್ದು ಅಮ್ಮ."

ಯಾರೋ ಕೆಮ್ಮಿದರು. ಅಧ್ಯಕ್ಷರ ಭಾಷಣ ಅಲ್ಲಿಗೇ ಮುಗಿಯಿತು.

ಮನೆಗೆ ಬಂದು ಸ್ನಾನ ಮಾಡಿದವಳೇ ತಾಯಿ ಚೀಲಕ್ಕೆ ಎರಡು ಸೀರೆ ತುರುಕಿದಳು. ಗಂಡನ ತಂಗಿ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ ಅತ್ತಿಗೆ?"

"ಅಕ್ಕನ ಮಗಳ ಮನೆಗೆ."

"ಇವತ್ತೇನಾ? ನೋಡಿದೋರು ಏನಂತಾರೆ?"

"ಹನ್ನೊಂದು ವರ್ಷ ತಡ ಆಗಿದೆ ಅಂತಾರೆ."

"ಗಿಡಗಳ ಗತಿ?"

"ಬಕೆಟ್ಟಲ್ಲಿ ಮಣ್ಣು ಜಾಸ್ತಿ, ಹಾಕಿದ ನೀರು ನಾಲ್ಕು ದಿನಕ್ಕೆ ಮೋಸ ಇಲ್ಲ. ಆಮೇಲೆ ಮಗಳಿದಾಳೆ. ಅವಳಿಗೂ ಬೇಜಾರಾದ್ರೆ ಆ ಅಧ್ಯಕ್ಷರು ಬಂದು ಕೊಡ ಹೊರ್ಲಿ."

ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಸ್ಸು ನಿಲ್ದಾಣದಿಂದ ಹೊರಬೀಳುವ ಮೊದಲೇ ಅವಳು ಪಕ್ಕದಲ್ಲಿ ಕುಳಿತಿದ್ದ ಗುರುತಿಲ್ಲದ ಹೆಂಗಸಿನ ಹೆಗಲಿಗೆ ತಲೆಯಾನಿಸಿ, ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.