ಖಾಲಿ ಗಾಡಿಯ ಅಂಗೈ

ಆ ಆಸ್ಪತ್ರೆಯ ಆಂಬುಲೆನ್ಸ್ ಚಾಲಕರಲ್ಲಿ ಒಂದು ಪದ್ಧತಿಯಿತ್ತು. ಎದುರುಬದುರಾದಾಗ, ರೋಗಿ ಇಲ್ಲದವನು ಕಿಟಕಿಯಿಂದ ಕೈ ಹೊರಹಾಕಿ ಅಂಗೈ ತೋರಿಸಬೇಕು. ನನ್ನದು ಖಾಲಿ, ನೀನು ಮುಂದೆ ನಡೆ ಎಂದರ್ಥ. ಇದನ್ನು ಶುರು ಮಾಡಿದ ಹಿರಿಯ ಚಾಲಕ ನಿವೃತ್ತನಾದ. ಪದ್ಧತಿ ಉಳಿಯಿತು, ಅದರ ಮಾನ ಹೋಯಿತು.

ಈಗ ಊಟಕ್ಕೆ ಮನೆಗೆ ಹೋಗುವುದಕ್ಕೂ ಸೈರನ್. ಎರಡು ಖಾಲಿ ಗಾಡಿಗಳು ಊರೆಲ್ಲ ಕೇಳುವಂತೆ ಕಿರುಚಿಕೊಂಡು ಬಂದು, ಒಂದಕ್ಕೊಂದು ಅಂಗೈ ತೋರಿಸಿ ಹಲ್ಲು ಕಿರಿಯುತ್ತಿದ್ದವು. ಚರಂಡಿಗೆ ಚಕ್ರ ಇಳಿಸಿ ದಾರಿ ಬಿಟ್ಟವರು, ಒಳಗೆ ಯಾರ ಜೀವವೋ ಪಾಪ ಎಂದು ಮರುಗುತ್ತ ನಿಂತಿರುತ್ತಿದ್ದರು. ಒಳಗಿದ್ದದ್ದು ಚಾಲಕನ ಹೊಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರನ್ನು ಕೇಳುವುದು?

ಎಲ್ಲರೂ ಮೀಸೆ ಎಂದು ಕರೆಯುತ್ತಿದ್ದ ಚಾಲಕನಿಗೆ ಇದು ಹೇಸಿಗೆ. ಇನ್ನೊಂದು ಗಾಡಿ ಓಡಿಸುವ ಅವನ ಜೊತೆಗಾರ, ಬಿರುಗಾಳಿ ಎಂಬ ಅಡ್ಡಹೆಸರಿನವನಂತೂ, ಊಟ ಮುಗಿಸಿ ರೋಗಿಯ ಸ್ಟ್ರೆಚರ್ ಮೇಲೇ ಗೊರಕೆ ಹೊಡೆಯುವವನು, ಅದರ ಹೊದಿಕೆಯಲ್ಲೇ ಬಾಯಿ ಒರೆಸುವವನು. ಆ ಗಾಡಿಯ ಬಾಗಿಲು ತೆರೆದರೆ ಔಷಧಿಗಿಂತ ಮುಂಚೆ ಹಳಸಿದ ಸಾರಿನ ವಾಸನೆ ಬರುತ್ತಿತ್ತು. ಸಗಣಿಯವರ ಜೊತೆ ಸರಸ ಬೇಡ ಎಂದು ಮೀಸೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹಾಗೆ ಹೇಳಿಕೊಳ್ಳುತ್ತಲೇ ಹನ್ನೆರಡು ವರ್ಷದಿಂದ ತಾನೂ ಸೈರನ್ ಹಾಕಿ ಊಟಕ್ಕೆ ಹೋಗುತ್ತಿದ್ದ, ಅಂಗೈಯನ್ನೂ ತೋರಿಸುತ್ತಿದ್ದ.

ಅವತ್ತು ಮಧ್ಯಾಹ್ನ ಬಂದ ಕರೆಯ ವಿಳಾಸ ಅವನ ಅಕ್ಕನ ಮನೆಯದು. ತಾಯಿ ಸತ್ತ ಮೇಲೆ ಹೊಲಿಗೆ ಮಿಷಿನ್ ತುಳಿದು ಅವನನ್ನು ಸಾಕಿದ ಅಕ್ಕ. ಅರ್ಧ ಹೊಲಿದ ರವಿಕೆಯ ಮೇಲೆ ಒರಗಿ ಬಿದ್ದಿದ್ದಳು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು.

"ಸ್ಟ್ರೋಕ್ ಇರ್ಬೇಕು," ಎಂದಳು ಹಿಂದೆ ಕೂತ ನರ್ಸಮ್ಮ. "ಬಲಗೈ ಆಡ್ತಾ ಇಲ್ಲ. ಬೇಗ ಮುಟ್ಟಿಸಿದ್ರೆ ಕೈ ಉಳೀಬಹುದು. ತಡ ಮಾಡ್ಬೇಡಿ ಅಣ್ಣಾ."

ಮೀಸೆ ತಡ ಮಾಡಲಿಲ್ಲ. ಹಳೆಯ ಸೇತುವೆಯ ತನಕ ಎಲ್ಲೂ ಬ್ರೇಕ್ ಒತ್ತಲಿಲ್ಲ. ಆ ಸೇತುವೆಯ ಅಗಲಕ್ಕೆ ಒಂದೇ ಗಾಡಿ ಹಿಡಿಸುತ್ತದೆ. ಅವನು ಈ ತುದಿಗೆ ಬಂದಾಗಲೇ ಆ ತುದಿಯಲ್ಲಿ ಇನ್ನೊಂದು ಸೈರನ್ ಬಂದು ನಿಂತಿತು. ಬಿರುಗಾಳಿ. ಒಂದೂವರೆ ಗಂಟೆ, ಎಲ್ಲಿಗೆ ಹೊರಟಿದ್ದಾನೆಂದು ಯಾರಾದರೂ ಹೇಳಬಹುದಿತ್ತು.

ಜೊತೆಗಾರನ ಗಾಡಿ ಕಂಡದ್ದೇ ತಡ, ಮೀಸೆಯ ಬಲಗೈ ಸ್ಟೇರಿಂಗ್ ಬಿಟ್ಟು ಕಿಟಕಿಯಿಂದ ಹೊರಗೆ ಹೋಗಿ ಅಂಗೈ ತೋರಿಸಿತು. ಯೋಚಿಸಿ ಮಾಡಿದ್ದಲ್ಲ. ಹನ್ನೆರಡು ವರ್ಷ ಮಾಡಿದ್ದನ್ನು ಕೈ ಅವತ್ತೂ ಮಾಡಿತು, ಅಷ್ಟೇ.

ಬಿರುಗಾಳಿ ಸೇತುವೆಗೆ ನುಗ್ಗಿದ. ಮೀಸೆ ಎದೆ ಒಡೆಯುವಂತೆ ಹಾರನ್ ಒತ್ತಿದ. ಅವನೂ ಖುಷಿಯಿಂದ ಹಾರನ್ ಒತ್ತಿದ. ಆಂಬುಲೆನ್ಸಿನ ಬಾಲ ಹಿಡಿದು ಬರುವವರು ಎಲ್ಲ ಊರಲ್ಲೂ ಇರುತ್ತಾರೆ. ಕಾರು, ಬಸ್ಸು, ಲಾರಿ ಅಂತ ಸಾಲುಗಟ್ಟಿ ಅವನ ಹಿಂದೆ ಬಂದವು.

"ಊಟ ಆಯ್ತೇನೋ ಮೀಸೆ?" ಎನ್ನುತ್ತ ಬಿರುಗಾಳಿ ಪಕ್ಕದಲ್ಲೇ ಹಾದು ಹೋದ. ಉತ್ತರಕ್ಕೆ ನಿಲ್ಲಲಿಲ್ಲ.

ಮೀಸೆ ಇಳಿದು ಓಡಿ, ಸೇತುವೆಯ ಮೇಲಿದ್ದ ಮೊದಲ ಲಾರಿಗೆ ಕೈ ಮುಗಿದ. "ಸ್ವಲ್ಪ ಹಿಂದೆ ತಗೊಳ್ಳಪ್ಪ, ಒಳಗೆ ಪೇಷಂಟ್ ಇದಾರೆ."

ಲಾರಿಯವನು ಮುಖ ಸಿಂಡರಿಸಿದ. "ನಿಮ್ ಪೇಷಂಟು ನಮಗೆ ಗೊತ್ತಿಲ್ವಾ ಸ್ವಾಮಿ? ದಿನಾ ನೋಡ್ತೀವಿ. ಆರಾಮಾಗಿ ಹೋಗಿ ಉಣ್ಣಿ."

ಸಾಲು ಕರಗಲು ಇಪ್ಪತ್ತು ನಿಮಿಷ ಹಿಡಿಯಿತು.

ಸಂಜೆ ಬಿರುಗಾಳಿ ವಾರ್ಡಿನ ಬಾಗಿಲಲ್ಲಿ ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ ನಿಂತ. "ನೀನೇ ಕೈ ತೋರ್ಸಿದ್ಯಲ್ಲೋ. ನಂಗೇನ್ ಕನಸು ಬಿದ್ದಿತ್ತಾ?" ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ಮೀಸೆಗೆ. ಆದರೆ ಎತ್ತಬೇಕಾದದ್ದು ಅದೇ ಕೈಯನ್ನು. ಅದನ್ನು ಜೇಬಿಗೆ ತುರುಕಿಕೊಂಡ.

ಮೂರನೆಯ ದಿನ ಅಕ್ಕ ಮಾತಾಡಿದಳು. ಬಲಗೈ ಹಾಸಿಗೆಯ ಮೇಲೆ ಬಿದ್ದಿತ್ತು. ಇನ್ನು ಅದು ಸೂಜಿ ಹಿಡಿಯುವುದಿಲ್ಲ ಎಂದು ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು, ಅವಳಿಗೂ ಗೊತ್ತಿತ್ತು.

"ಪುಟ್ಟಾ," ಎಂದಳು ತೊದಲುತ್ತ. "ಸೇತುವೆ ಹತ್ರ ಇನ್ನೊಂದು ಸೈರನ್ ಕೇಳಿಸ್ತು. ನೀನು ಅವ್ರಿಗೆ ದಾರಿ ಬಿಟ್ಟೆ, ಅಲ್ವಾ?"

"ಹೂಂ ಅಕ್ಕ."

"ನನಗಿಂತ ಕಷ್ಟದಲ್ಲಿ ಇದ್ರೇನೋ ಪಾಪ. ಇಲ್ದೆ ನೀನು ಬಿಡ್ತಿರಲಿಲ್ಲ." ಉಸಿರು ತೆಗೆದುಕೊಂಡಳು. "ಆ ಗಾಡೀಲಿದ್ದೋರು ಉಳ್ಕೊಂಡ್ರಾ?"

ಮೀಸೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದ.

"ಉಳ್ಕೊಂಡ್ರು," ಎಂದ.

"ಸದ್ಯ," ಎಂದು ಅಕ್ಕ ಎಡಗೈಯನ್ನು ಎದೆಯ ಮೇಲಿಟ್ಟುಕೊಂಡಳು.